ವೃದ್ಧಾಶ್ರಮ ಆರಿಸುವ ಮುನ್ನ: ರಾತ್ರಿ ಪಾಳಿ, ಬಚ್ಚಲು, ಔಷಧಿ ಚಾರ್ಟ್

ವೃದ್ಧಾಶ್ರಮ ನೋಡಲು ಹೋದವರಿಗೆ ಮೊದಲು ತೋರಿಸುವುದು ಹೂದೋಟ, ದೇವರ ಕೋಣೆ, ಟಿವಿ ಹಾಲ್. ಅವೆಲ್ಲ ಚೆನ್ನಾಗಿಯೇ ಇರುತ್ತವೆ. ನೀವು ನೋಡಬೇಕಾದ್ದು ಬೇರೆ ಮೂರು: ರಾತ್ರಿ ಎರಡು ಗಂಟೆಗೆ ಮಹಡಿಯಲ್ಲಿ ಎಷ್ಟು ಜನ ಎಚ್ಚರವಿರುತ್ತಾರೆ, ಬಚ್ಚಲಿನ ನೆಲ ಮತ್ತು ಬಾಗಿಲು ಹೇಗಿವೆ, ಔಷಧಿ ಚಾರ್ಟನ್ನು ಯಾರು ಯಾವಾಗ ತುಂಬುತ್ತಾರೆ. ಈ ಮೂರು ಸರಿಯಿದ್ದ ಕಡೆ ಉಳಿದದ್ದೂ ಸಾಮಾನ್ಯವಾಗಿ ಸರಿಯಿರುತ್ತದೆ.

ಇದನ್ನೆಲ್ಲ ಮನೆಯವರೇ ಪರೀಕ್ಷಿಸಬೇಕಾ ಎಂದರೆ, ಹೌದು. ಹೋಟೆಲಿಗಿರುವ ಸ್ಟಾರ್ ನಮ್ಮಲ್ಲಿ ವೃದ್ಧಾಶ್ರಮಕ್ಕಿಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 19ನೇ ಕಲಮು ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ತೆರೆಯಬಹುದು ಎನ್ನುತ್ತದೆ. ತಿಂಗಳಿಗೆ ಹಣ ಕಟ್ಟಿಸಿಕೊಳ್ಳುವ ಖಾಸಗಿ ಮನೆಗಳಿಗೆ ನೋಂದಣಿ, ಕನಿಷ್ಠ ಗುಣಮಟ್ಟ ಕಡ್ಡಾಯ ಮಾಡಲು 2019ರಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು, ಅದು ಕಾಯ್ದೆಯಾಗಲಿಲ್ಲ. ಅದೇ ವರ್ಷ ಕೇಂದ್ರದ ವಸತಿ ಸಚಿವಾಲಯ ನಿವೃತ್ತರ ವಸತಿ ಸಮುಚ್ಚಯಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಅದು ಮಾದರಿ ಅಷ್ಟೆ, ಹೆಚ್ಚಾಗಿ ಅನ್ವಯಿಸುವುದೂ ಫ್ಲ್ಯಾಟ್ ಮಾರುವವರಿಗೆ. ಹಾಗಾಗಿ ಗೋಡೆಗೆ ತೂಗುಹಾಕಿದ ಟ್ರಸ್ಟ್ ನೋಂದಣಿ ಪತ್ರ ಆ ಸಂಸ್ಥೆ ಕಾನೂನಿನ ಕಣ್ಣಿಗೆ ಇದೆ ಎನ್ನುತ್ತದೆಯೇ ಹೊರತು, ಒಳಗೆ ಆರೈಕೆ ಹೇಗಿದೆ ಎನ್ನುವುದಿಲ್ಲ.

1. ಹೋಗುವ ಮೊದಲು ಒಂದು ಹಾಳೆ ಬರೆದುಕೊಳ್ಳಿ

ಅಪ್ಪ ಅಥವಾ ಅಮ್ಮನಿಗೆ ಈಗ ಏನೇನು ಸಹಾಯ ಬೇಕು ಎಂದು ಬರೆಯಿರಿ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹತೋಟಿ, ಊಟ. ಈ ಆರರಲ್ಲಿ ಯಾವುದು ತಾವೇ, ಯಾವುದು ಒಬ್ಬರ ಕೈ ಹಿಡಿದು, ಯಾವುದು ಪೂರ್ತಿ ಬೇರೆಯವರಿಂದ? ಜೊತೆಗೆ ರಾತ್ರಿ ಎಷ್ಟು ಸಲ ಏಳುತ್ತಾರೆ, ಇನ್ಸುಲಿನ್ ಇದೆಯೇ, ನುಂಗುವಾಗ ಕೆಮ್ಮು ಬರುತ್ತದೆಯೇ, ಮರೆವು ಎಷ್ಟು ಎಂಬುದೂ ಇರಲಿ.

ಈ ಹಾಳೆಯನ್ನು ಮೇಜಿನ ಮೇಲಿಟ್ಟು ಎರಡು ಪ್ರಶ್ನೆ ಕೇಳಿ. ಇವರನ್ನು ಸೇರಿಸಿಕೊಳ್ಳುತ್ತೀರಾ? ನಾಳೆ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ? ಬಹಳಷ್ಟು ಮನೆಗಳು ‘ತಮ್ಮ ಕೆಲಸ ತಾವು ಮಾಡಿಕೊಳ್ಳುವವರಿಗೆ’ ಮಾತ್ರ. ಅದು ತಪ್ಪಲ್ಲ, ಆದರೆ ಸೇರುವಾಗಲೇ ಗೊತ್ತಿರಬೇಕು. ತೊಡೆಮೂಳೆ ಮುರಿದು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ‘ಇಲ್ಲಿ ಆಗೋದಿಲ್ಲ, ಕರ್ಕೊಂಡು ಹೋಗಿ’ ಎಂದರೆ ಎಲ್ಲಿಗೆ ಹೋಗುತ್ತೀರಿ?

ಸಾಧ್ಯವಿದ್ದರೆ ಹಿರಿಯರನ್ನೂ ಕರೆದುಕೊಂಡು ಹೋಗಿ. ಹದಿನೈದು ದಿನವೋ ತಿಂಗಳೋ ಇದ್ದು ನೋಡುವುದಕ್ಕೆ ಒಪ್ಪುವ ಕಡೆ ಡಿಪಾಸಿಟ್ ಕೊಡುವ ಆತುರ ಬೇಡ. ಇದ್ದು ನೋಡಲು ಬಿಡುವುದೇ ಇಲ್ಲ ಎಂದರೆ ಏಕೆ ಎಂದು ಕೇಳಿ.

2. ಕಾಗದಪತ್ರ: ಅರ್ಧ ಗಂಟೆಯ ಕೆಲಸ

ಟ್ರಸ್ಟ್, ಸೊಸೈಟಿ ಅಥವಾ ಕಂಪನಿಯ ನೋಂದಣಿ ಪತ್ರ ಸಾಮಾನ್ಯವಾಗಿ ಎಲ್ಲರ ಬಳಿಯೂ ಇರುತ್ತದೆ. ಅಡುಗೆಮನೆಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇದೆಯೇ ನೋಡಿ. ‘ನಮ್ಮಲ್ಲೇ ಡಾಕ್ಟರ್, ಡ್ರಿಪ್, ಆಕ್ಸಿಜನ್ ಎಲ್ಲ ಇದೆ’ ಎನ್ನುವವರು ಚಿಕಿತ್ಸೆ ಕೊಡುತ್ತಿದ್ದಾರೆ ಎಂದರ್ಥ. ಅಂಥವರ ಬಳಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ನೋಂದಣಿ ಕೇಳಿ. ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರಬೇಕು. ಕರೆಂಟ್ ಹೋದಾಗ ಜನರೇಟರ್ ಲಿಫ್ಟನ್ನೂ ಎಳೆಯುತ್ತದೆಯೋ, ಬರೀ ದೀಪವನ್ನೋ ಎಂದು ಕೇಳಿದರೆ ಎಷ್ಟೋ ಕಡೆ ಉತ್ತರ ತಡವರಿಸುತ್ತದೆ.

ಚುಚ್ಚಿದ ಸೂಜಿ ಎಲ್ಲಿ ಹಾಕುತ್ತೀರಿ ಎಂಬುದು ಚಿಕ್ಕ ಪ್ರಶ್ನೆ. ಸೂಜಿ ತೂರಿ ಬಾರದಂಥ ಬಿಳಿ ಡಬ್ಬ ತೋರಿಸಿದರೆ ನಿಯಮ ಬಲ್ಲವರು. ಮನೆಕಸದ ಬುಟ್ಟಿ ತೋರಿಸಿದರೆ ಉಳಿದ ಸೋಂಕು ನಿಯಂತ್ರಣವೂ ಹಾಗೆಯೇ ಎಂದುಕೊಳ್ಳಿ.

3. ರಾತ್ರಿ ಪಾಳಿಯ ಲೆಕ್ಕ

‘24 ಗಂಟೆ ಸ್ಟಾಫ್ ಇರ್ತಾರೆ’ ಎಂಬ ಮಾತು ಸಾಲದು. ಕಳೆದ ವಾರದ ಡ್ಯೂಟಿ ಚಾರ್ಟ್ ತೋರಿಸಿ ಎನ್ನಿ, ಮುಂದಿನ ವಾರದ್ದಲ್ಲ. ಅದರಲ್ಲಿ ರಾತ್ರಿಯ ಹೆಸರುಗಳನ್ನು ಎಣಿಸಿ. ಹಗಲಿನ ಹೆಸರೇ ರಾತ್ರಿಗೂ ಇದ್ದರೆ ಒಬ್ಬರೇ 24 ಗಂಟೆ ದುಡಿಯುತ್ತಿದ್ದಾರೆ. ರಾತ್ರಿ ಅವರು ಮಲಗಲೇಬೇಕು, ಮಲಗುತ್ತಾರೆ.

ಎಷ್ಟು ಜನ ಬೇಕು ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಚರ್ಮ ಉಜ್ಜದಂತೆ, ಅವರ ಭುಜ ಮತ್ತು ಆರೈಕೆ ಮಾಡುವವರ ಸೊಂಟ ಎರಡೂ ಉಳಿಯುವಂತೆ ತಿರುಗಿಸಲು ಇಬ್ಬರು ಬೇಕು. ಒಬ್ಬರಿಗೆ ಐದು ನಿಮಿಷ, ಡೈಪರ್ ಬದಲಿಸಬೇಕಾದರೆ ಹತ್ತು. ಮಹಡಿಯಲ್ಲಿ ಅಂಥವರು ಹತ್ತು ಮಂದಿ ಇದ್ದರೆ ಒಂದು ಸುತ್ತಿಗೆ ಒಂದು ಗಂಟೆಯ ಮೇಲಾಯಿತು. ಆ ಹೊತ್ತಿನಲ್ಲಿ ಇನ್ನೊಂದು ಕೋಣೆಯಲ್ಲಿ ಯಾರಾದರೂ ಶೌಚಕ್ಕೆ ಎದ್ದರೆ? ಹತ್ತು ಮಂದಿಗೆ ಇಬ್ಬರಿದ್ದರೂ ಬಿಗಿ. ಒಬ್ಬರೇ ಇದ್ದರೆ ಮಗ್ಗುಲು ಬದಲಿಸುವುದು ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ.

ಮುಂದೆ, ‘ನರ್ಸ್’ ಎಂದು ಕರೆಯುವವರೆಲ್ಲ ನರ್ಸ್ ಅಲ್ಲ. ಬಿಳಿ ಕೋಟು ಹಾಕಿದ ಹುಡುಗಿ ಮೂರು ತಿಂಗಳ ತರಬೇತಿಯ ಅಟೆಂಡರ್ ಆಗಿರಬಹುದು. ಇನ್ಸುಲಿನ್ ಚುಚ್ಚುವುದು, ಮೂತ್ರದ ಕೊಳವೆ ಅಂದರೆ ಕ್ಯಾತಿಟರ್ ಹಾಕುವುದು, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಬದಲಿಸುವುದು ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರ ಕೆಲಸ. ಅವರಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಅಂಥವರು ರಾತ್ರಿಯಲ್ಲೂ ಒಬ್ಬರು ಇರುತ್ತಾರೆಯೇ, ಫೋನಿನಲ್ಲಿ ಮಾತ್ರ ಸಿಗುತ್ತಾರೆಯೇ ಎಂದು ಸ್ಪಷ್ಟಪಡಿಸಿಕೊಳ್ಳಿ. ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿದೆಯೇ ಎಂದೂ ಕೇಳಿ. ಏಜೆನ್ಸಿಯಿಂದ ಬಂದವರೆಂದರೆ ಇದನ್ನು ಬಿಟ್ಟುಬಿಡುವುದು ಮಾಮೂಲು.

ಕೋಣೆಯಲ್ಲಿ ಕರೆಗಂಟೆ ಇದ್ದರೆ ಹಾಸಿಗೆಯ ಮೇಲೆ ಮಲಗಿ, ಮಲಗಿದಲ್ಲಿಂದಲೇ ಒತ್ತಲು ಆಗುತ್ತದೆಯೇ ನೋಡಿ. ಒತ್ತಿ ಗಡಿಯಾರ ನೋಡಿಕೊಳ್ಳಿ. ಐದು ನಿಮಿಷದೊಳಗೆ ಯಾರೂ ಬರದಿದ್ದರೆ ಅದು ಅಲಂಕಾರಕ್ಕೆ ಹಾಕಿದ್ದು.

4. ಬಚ್ಚಲು: ಇಲ್ಲಿ ಹೆಚ್ಚು ಹೊತ್ತು ನಿಲ್ಲಿ

ಬಾಗಿಲಿನಿಂದ ಶುರು ಮಾಡಿ. ತೆರೆದಾಗ 900 ಮಿಲಿಮೀಟರ್, ಅಂದರೆ ಮೂರಡಿ ಹತ್ತಿರ ಜಾಗ ಸಿಗಬೇಕು. ಇಲ್ಲದಿದ್ದರೆ ವೀಲ್‌ಚೇರ್ ಹೋದರೂ ತಳ್ಳುವವರ ಗೆಣ್ಣು ತರಚುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಜಾರಬೇಕು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಹಿರಿಯರು ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ. ಹೊರಗಿನಿಂದ ನೂಕಿದಷ್ಟೂ ಅವರಿಗೇ ಪೆಟ್ಟು. ಚಿಲಕ ಹೊರಗಿನಿಂದ ನಾಣ್ಯದಲ್ಲೋ ಕೀಲಿಯಲ್ಲೋ ತೆಗೆಯುವಂಥದ್ದಿರಬೇಕು.

ಹೊಸ್ತಿಲು ಇರಬಾರದು. ನಮ್ಮ ಕಡೆ ಬಚ್ಚಲಿನ ನೀರು ಹೊರಗೆ ಬಾರದಿರಲೆಂದು ನೆಲವನ್ನು ಒಂದೆರಡು ಇಂಚು ತಗ್ಗಿಸಿ ಕಟ್ಟುವ ರೂಢಿ ಇದೆ. ನಿದ್ದೆಗಣ್ಣಿನಲ್ಲಿ ಕಾಲಿಡುವವರಿಗೆ ಆ ಎರಡು ಇಂಚೇ ಬಾವಿ. ವಾಕರ್ ಹಿಡಿದವರು ಅದನ್ನು ಎತ್ತಿ ಇಳಿಸುವಾಗಲೇ ಸಮತೋಲ ತಪ್ಪುತ್ತದೆ.

ಟೈಲ್ಸ್ ಒರಟು ಎಂದು ಹೇಳಿದರೆ ಸಾಲದು. ಒಂದು ಚೊಂಬು ಸೋಪಿನ ನೀರು ಹಾಕಿಸಿ ಬರಿಗಾಲಲ್ಲಿ ನಿಂತು ನೋಡಿ. ನೀರು ಎರಡು ನಿಮಿಷದಲ್ಲಿ ಹರಿದುಹೋಗದೆ ಕಮೋಡಿನ ಮುಂದೆ ನಿಂತರೆ ಇಳಿಜಾರು ತಪ್ಪಿದೆ. ಆ ನೆಲ ಎಂದೂ ಒಣಗಿರುವುದಿಲ್ಲ.

ಹಿಡಿಕೆಗಳನ್ನು ಕೈಯಿಂದ ಎಳೆದು ನೋಡಿ. ಕಮೋಡಿನ ಪಕ್ಕದ ಗೋಡೆಗೆ ಒಂದು, ಸ್ನಾನದ ಜಾಗದಲ್ಲಿ ಒಂದು ಬೇಕೇ ಬೇಕು. ಮುಷ್ಟಿಗೆ ಸರಿಯಾಗಿ ಸಿಗುವ, ಸುಮಾರು 35ರಿಂದ 40 ಮಿಲಿಮೀಟರ್ ದಪ್ಪದ ಸ್ಟೀಲ್ ಕೊಳವೆ, ಗೋಡೆಯಿಂದ ಬೆರಳು ತೂರುವಷ್ಟು ದೂರ, ನಿಮ್ಮ ಪೂರ್ತಿ ಭಾರ ಬಿಟ್ಟರೂ ಅಲುಗಬಾರದು. ಟವೆಲ್ ಹಾಕುವ ಸರಳು ಹಿಡಿಕೆಯಲ್ಲ. ಆದರೆ ಜಾರುವವರ ಕೈ ಮೊದಲು ಹೋಗುವುದು ಅದಕ್ಕೇ. ಅದು ಗೋಡೆಯಿಂದ ಕಿತ್ತು ಕೈಗೆ ಬರುತ್ತದೆ. ಕಮೋಡಿನ ಸೀಟು ನೆಲದಿಂದ 45ರಿಂದ 48 ಸೆಂಟಿಮೀಟರ್ ಎತ್ತರವಿದ್ದರೆ ಮಂಡಿ ನೋವಿರುವವರು ಎದ್ದೇಳಬಲ್ಲರು. ಇಂಡಿಯನ್ ಟಾಯ್ಲೆಟ್ ಒಂದೇ ಇರುವ ಮನೆ ಹಿರಿಯರಿಗೆ ಕಟ್ಟಿದ್ದಲ್ಲ.

ಸ್ನಾನಕ್ಕೆ ಕೂರಿಸುವುದು ಯಾವುದರ ಮೇಲೆ? ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿಯ ಕಾಲು ಸೋಪಿನ ನೀರಿನಲ್ಲಿ ಅಗಲಿಕೊಂಡು ಮುರಿಯುತ್ತದೆ. ರಬ್ಬರ್ ಬುಶ್ ಇರುವ ಬಾತ್ ಚೇರ್ ಇರಬೇಕು, ಬುಶ್ ಸವೆದಿರಬಾರದು. ಕರೆಗಂಟೆಯ ಹಗ್ಗ ನೆಲದ ಹತ್ತಿರದವರೆಗೂ ಇಳಿದಿರಬೇಕು, ಏಕೆಂದರೆ ಅದು ಬೇಕಾಗುವವರು ನೆಲದ ಮೇಲೆ ಬಿದ್ದಿರುತ್ತಾರೆ.

ಬಿಸಿನೀರಿನ ವಿಷಯ ಹೆಚ್ಚಿನವರು ಗಮನಿಸುವುದೇ ಇಲ್ಲ. ಬೆಂಗಳೂರು, ಮೈಸೂರಿನ ಕಟ್ಟಡಗಳಲ್ಲಿ ಸೋಲಾರ್ ಹೀಟರ್ ಸಾಮಾನ್ಯ. ಬೇಸಿಗೆಯ ಮಧ್ಯಾಹ್ನ ಅದರ ನಲ್ಲಿಯಲ್ಲಿ 60 ಡಿಗ್ರಿಗೂ ಮೀರಿದ ನೀರು ಬರಬಹುದು. 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಹಿರಿಯರ ಚರ್ಮ ತೆಳು, ಸಕ್ಕರೆ ಕಾಯಿಲೆಯವರ ಕಾಲಿಗೆ ಬಿಸಿ ತಟ್ಟುವುದೂ ತಡ. ಬಿಸಿ, ತಣ್ಣೀರು ತಾನೇ ಬೆರೆಸುವ ವಾಲ್ವ್ ಹಾಕಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿದ ಮೇಲೆ ಸ್ನಾನ ಎಂಬ ನಿಯಮ ಇದೆಯೇ? ಸ್ನಾನ ಮಾಡಿಸುವ ಆಯಾಳನ್ನೇ ಕೇಳಿ, ಮ್ಯಾನೇಜರನ್ನಲ್ಲ.

ಕೋಣೆಯಲ್ಲಿ ನೋಡಬೇಕಾದ್ದು ಇಷ್ಟು: ಮಂಚದ ಅಂಚಿನಲ್ಲಿ ಕೂತರೆ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ರಾತ್ರಿಯಿಡೀ ಉರಿಯಬೇಕು, ಕಾಲೊರಸು ಜಾರುವಂಥದ್ದಿರಬಾರದು. ಹೊರಗಿನ ರ‍್ಯಾಂಪು ಒಂದಡಿ ಏರಲು ಹನ್ನೆರಡು ಅಡಿ ಉದ್ದ ಇರಬೇಕೆಂಬುದು ಅಳತೆ. ಬೈಕ್ ಹತ್ತಿಸಲು ಮಾಡಿದ ಕಡಿದಾದ ಸಿಮೆಂಟ್ ಇಳಿಜಾರನ್ನೇ ರ‍್ಯಾಂಪ್ ಎಂದು ತೋರಿಸುವುದುಂಟು.

5. ಊಟದ ಹೊತ್ತಿಗೆ, ಹೇಳದೆ ಹೋಗಿ

ಮೆನು ಬೋರ್ಡ್ ಓದುವುದಕ್ಕಿಂತ ತಟ್ಟೆ ನೋಡಿ. ಅದಕ್ಕಿಂತಲೂ ಗಡಿಯಾರ ನೋಡಿ. ಅಡುಗೆಯವರು ಬೇಗ ಮನೆಗೆ ಹೋಗಲೆಂದು ಸಂಜೆ ಆರೂವರೆಗೆ ಊಟ ಮುಗಿಸಿ, ಬೆಳಿಗ್ಗೆ ಎಂಟೂವರೆಗೆ ತಿಂಡಿ ಕೊಟ್ಟರೆ ನಡುವೆ 14 ಗಂಟೆ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆಯಲ್ಲಿರುವವರಿಗೆ ಬೆಳಗಿನ ಜಾವ ಸಕ್ಕರೆ ಇಳಿಯುವುದು ಇದರಿಂದಲೇ. ಮಲಗುವ ಮುನ್ನ ಒಂದು ಲೋಟ ಹಾಲೋ ಎರಡು ಬಿಸ್ಕತ್ತೋ ಸಿಗುತ್ತದೆಯೇ ಕೇಳಿ.

ಲಕ್ವ ಹೊಡೆದವರು, ಪಾರ್ಕಿನ್ಸನ್ ಇರುವವರು, ಮರೆವು ಮುಂದುವರಿದವರಿಗೆ ನುಂಗುವುದೇ ಕಷ್ಟ. ಮುದ್ದೆ ತಿಂದು ಬೆಳೆದವರು ಅಗಿಯದೆ ನುಂಗುವ ಅಭ್ಯಾಸದವರು. ಗಂಟಲು ಸೋತ ಮೇಲೂ ಕೈ ಅದೇ ಗಾತ್ರದ ತುತ್ತು ಮಾಡುತ್ತದೆ. ಒಣ ಅವಲಕ್ಕಿ, ಚಕ್ಕುಲಿ ಪುಡಿ ಕೂಡ ಅಪಾಯ. ಅಂಥವರಿಗೆ ನೀರಾದ ಸಾರು, ಕಾಫಿ ಇನ್ನೂ ಬೇಗ ಶ್ವಾಸನಾಳಕ್ಕೆ ಇಳಿಯುತ್ತದೆ, ಅದರಿಂದ ನ್ಯುಮೋನಿಯಾ ಬರುತ್ತದೆ. ಬೆನ್ನು ನೇರ ಮಾಡಿ ಕೂರಿಸಿ, ಚಿಕ್ಕ ಚಮಚದಲ್ಲಿ ಗಟ್ಟಿ ಗಂಜಿಯ ಹದದಲ್ಲಿ ತಿನ್ನಿಸಿ, ಊಟವಾದ ಮೇಲೂ ಅರ್ಧ ಗಂಟೆ ಕೂರಿಸಿರಬೇಕು. ನೀವು ಹೋದಾಗ ಯಾರಿಗಾದರೂ ಮಲಗಿಸಿಯೇ ತಿನ್ನಿಸುತ್ತಿದ್ದರೆ ಅಷ್ಟೇ ಸಾಕು, ಬೇರೆ ಮನೆ ನೋಡಿ.

ಕುಡಿಯುವ ನೀರು ಕೈಗೆ ಸಿಗುವಲ್ಲಿದೆಯೇ? ಡೈಪರ್ ಖರ್ಚು ಉಳಿಸಲು ಸಂಜೆಯ ನಂತರ ನೀರು ಕಡಿಮೆ ಕೊಡುವ ಕೆಟ್ಟ ಪದ್ಧತಿ ಕೆಲವೆಡೆ ಇದೆ. ಅದರ ಫಲ ಮೂತ್ರದ ಸೋಂಕು, ಮಲಬದ್ಧತೆ, ಇದ್ದಕ್ಕಿದ್ದಂತೆ ತಲೆಬುಡವಿಲ್ಲದ ಮಾತು.

ಆಹಾರ ಸರಿಯಿದೆಯೇ ಎಂಬುದಕ್ಕೆ ಸುಲಭ ಸಾಕ್ಷಿ ತೂಕದ ಪುಸ್ತಕ. ತಿಂಗಳಿಗೊಮ್ಮೆ ಎಲ್ಲರ ತೂಕ ಬರೆಯಬೇಕು. ತಿಂಗಳಲ್ಲಿ ನೂರಕ್ಕೆ ಐದರಷ್ಟು, ಆರು ತಿಂಗಳಲ್ಲಿ ಹತ್ತರಷ್ಟು ಇಳಿದರೆ ವೈದ್ಯರು ನೋಡಲೇಬೇಕು. 50 ಕೆಜಿಯ ಅಮ್ಮ ಒಂದು ತಿಂಗಳಲ್ಲಿ ಎರಡೂವರೆ ಕೆಜಿ ಇಳಿದದ್ದು ಸೀರೆಯಲ್ಲಿ ಕಾಣುವುದಿಲ್ಲ.

6. ಔಷಧಿ ಚಾರ್ಟ್

ಪ್ರತಿಯೊಬ್ಬರಿಗೂ ಪ್ರತ್ಯೇಕ ಹಾಳೆ, ಮೇಲೆ ಫೋಟೊ, ಅಲರ್ಜಿ, ಮಾತ್ರೆಯ ಹೆಸರು, ಪ್ರಮಾಣ, ಹೊತ್ತು. ಕೊಟ್ಟವರ ಸಹಿ ಕೊಟ್ಟ ಕೂಡಲೇ. ಹೆಸರು ಮುಚ್ಚಿ ಯಾವುದಾದರೂ ಒಂದು ಹಾಳೆ ತೋರಿಸಲು ಕೇಳಿ. ಬೆಳಿಗ್ಗೆ ಹನ್ನೊಂದಕ್ಕೆ ಹೋದಾಗ ರಾತ್ರಿ ಒಂಬತ್ತರ ಮಾತ್ರೆಗೂ ಸಹಿ ಬಿದ್ದಿದ್ದರೆ ಚಾರ್ಟ್ ಸುಳ್ಳು. ಇಡೀ ತಿಂಗಳಿಗೆ ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಓರೆ? ಒಂದೇ ಸಲಕ್ಕೆ ಕೂತು ತುಂಬಿದ್ದು. ಅಲ್ಲೊಂದು ಇಲ್ಲೊಂದು ‘ತೆಗೆದುಕೊಳ್ಳಲಿಲ್ಲ, ವಾಂತಿ’ ಎಂದು ಬರೆದ ಕೊಳಕು ಚಾರ್ಟೇ ಹೆಚ್ಚು ನಂಬಿಕೆಗೆ ಯೋಗ್ಯ.

ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಚಿಕ್ಕ ಬಟ್ಟಲುಗಳಲ್ಲಿ ಸಾಲಾಗಿಟ್ಟು ಹಂಚುವ ಕಡೆ ಬಟ್ಟಲು ಅದಲುಬದಲಾಗುತ್ತದೆ. ಕಮಲಮ್ಮ ಇಬ್ಬರಿದ್ದರಂತೂ ಕೇಳಲೇಬೇಡಿ. ಹೆಸರು ಬರೆದ ಡಬ್ಬ, ಬೀಗವಿರುವ ಕಪಾಟು ಇರಬೇಕು. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಿಗೆ ತಾಗದಂತೆ. ತೆರೆದದ್ದರ ಮೇಲೆ ತೆರೆದ ತಾರೀಖು. ಹೆಚ್ಚಿನವು ತೆರೆದು 28 ದಿನದ ನಂತರ ಬಳಕೆಗಲ್ಲ. ಊಟಕ್ಕೆ ಮೊದಲು ಕೊಡುವ ಇನ್ಸುಲಿನ್ನನ್ನು ತಟ್ಟೆ ಎದುರಿಗೆ ಬಂದ ಮೇಲೆ ಚುಚ್ಚಬೇಕು. ಚುಚ್ಚಿಯಾದ ಮೇಲೆ ‘ಅಡುಗೆ ಇನ್ನೂ ಆಗಿಲ್ಲ’ ಎಂದರೆ ಸಕ್ಕರೆ ಕುಸಿಯುತ್ತದೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಏನು ಮಾಡುತ್ತೀರಿ ಎಂದು ನರ್ಸನ್ನು ಕೇಳಿ. ಎಚ್ಚರವಿದ್ದರೆ 15 ಗ್ರಾಂ, ಅಂದರೆ ಮೂರು ಚಮಚ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108. ಈ ಉತ್ತರ ತಡೆಯಿಲ್ಲದೆ ಬರಬೇಕು.

ಪಾರ್ಕಿನ್ಸನ್ ಮಾತ್ರೆ ಅರ್ಧ ಗಂಟೆ ತಡವಾದರೂ ಮೈ ಸೆಟೆದು ನಿಲ್ಲುವವರಿದ್ದಾರೆ. ‘ಎಲ್ರಿಗೂ ಎಂಟಕ್ಕೇ ಕೊಡೋದು’ ಎನ್ನುವ ಮನೆ ಅವರಿಗೆ ಆಗಿಬರುವುದಿಲ್ಲ.

ಇನ್ನೊಂದು ಮುಖ್ಯ ಮಾತು, ನಿದ್ದೆ ಮಾತ್ರೆ. ಸೇರಿದ ಎರಡು ವಾರದಲ್ಲಿ ಅಪ್ಪ ಹಗಲಲ್ಲೂ ತೂಕಡಿಸುತ್ತ, ಜೊಲ್ಲು ಸುರಿಸುತ್ತ, ಕಾಲೆಳೆದು ನಡೆಯುತ್ತಿದ್ದರೆ ಚಾರ್ಟಿನಲ್ಲಿ ಹೊಸದೇನು ಸೇರಿದೆ ನೋಡಿ. ಗಲಾಟೆ ಮಾಡುವವರನ್ನು ಸುಮ್ಮನಿರಿಸಲು ಕೊಡುವ ಮಾತ್ರೆ ಸಿಬ್ಬಂದಿ ಕಡಿಮೆ ಇರುವ ಕಡೆ ಮೊದಲ ಉಪಾಯ. ಬೀಳುವುದಕ್ಕೂ ಅದೇ ದೊಡ್ಡ ಕಾರಣ. ನಿಮಗೆ ತಿಳಿಸದೆ ಅಂಥ ಮಾತ್ರೆ ಶುರು ಮಾಡುವಂತಿಲ್ಲ ಎಂಬುದನ್ನು ಕರಾರಿನಲ್ಲಿ ಬರೆಸಿ.

7. ಚರ್ಮ, ಕ್ಯಾತಿಟರ್, ಕಜ್ಜಿ

ಹಾಸಿಗೆ ಹುಣ್ಣು ಮೊದಲು ಕಾಣುವುದು ಬೆನ್ನಿನ ಬುಡದಲ್ಲಿ, ಹಿಮ್ಮಡಿಯಲ್ಲಿ, ಸೊಂಟದ ಪಕ್ಕದ ಮೂಳೆಯ ಮೇಲೆ. ಪುಸ್ತಕಗಳು ‘ಚರ್ಮ ಕೆಂಪಾಗುತ್ತದೆ’ ಎನ್ನುತ್ತವೆ. ನಮ್ಮ ಕಂದು, ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದೇ ಇಲ್ಲ. ಸುತ್ತಲಿನದಕ್ಕಿಂತ ಕಪ್ಪಾಗಿ ಅಥವಾ ನೇರಳೆಯಾಗಿ, ಮುಟ್ಟಿದರೆ ಬಿಸಿಯಾಗಿ ಇಲ್ಲವೇ ಗಟ್ಟಿಯಾಗಿ ಇದ್ದರೆ ಅದೇ ಶುರು. ಒತ್ತಡ ತೆಗೆದರೆ ಈ ಹಂತದಲ್ಲಿ ವಾಸಿಯಾಗುತ್ತದೆ, ಉಜ್ಜಿದರೆ ಕೆಡುತ್ತದೆ. ಗಾಳಿ ಹಾಸಿಗೆ ಹಾಕಿದ್ದೇವೆ ಎಂದು ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ. ಅದರ ಪಂಪು ನಿಜಕ್ಕೂ ಓಡುತ್ತಿದೆಯೇ ಎಂದು ಕೈಯಿಟ್ಟು ನೋಡಿ; ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕಿರುವುದು ಅಪರೂಪವಲ್ಲ. ಕುರ್ಚಿಯಲ್ಲೇ ದಿನವಿಡೀ ಕೂರಿಸುವವರಿಗೂ ಹುಣ್ಣಾಗುತ್ತದೆ.

ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೆ ತೂಗಿರಬೇಕು, ನೆಲಕ್ಕೆ ತಾಗಬಾರದು. ಕ್ಯಾತಿಟರ್ ಹಾಕಿದ ತಾರೀಖು ಬರೆದಿರಬೇಕು. ವೀಲ್‌ಚೇರಿನಲ್ಲಿ ಕೂರಿಸುವಾಗ ಚೀಲವನ್ನು ತೊಡೆಯ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿಯುತ್ತದೆ.

ಕಜ್ಜಿ ಒಬ್ಬರಿಗೆ ಬಂದರೆ ಮುಲಾಮು ಒಬ್ಬರಿಗೇ ಹಚ್ಚಿದರೆ ಹೋಗುವುದಿಲ್ಲ. ವೈದ್ಯರ ಸಲಹೆಯಂತೆ ಪರ್ಮೆತ್ರಿನ್ 5 ಶೇಕಡ ಮುಲಾಮನ್ನು ಕೋಣೆಯವರಿಗೂ ಆರೈಕೆ ಮಾಡುವವರಿಗೂ ಒಂದೇ ರಾತ್ರಿ ಹಚ್ಚಿ, ಬಟ್ಟೆ ಹೊದಿಕೆ ಬಿಸಿನೀರಲ್ಲಿ ಒಗೆದು, ವಾರದ ನಂತರ ಇನ್ನೊಮ್ಮೆ. ಹಿಂದಿನ ಸಲ ಹೇಗೆ ನಿಭಾಯಿಸಿದಿರಿ ಎಂದು ಕೇಳಿ. ‘ನಮ್ಮಲ್ಲಿ ಕಜ್ಜಿ ಬಂದೇ ಇಲ್ಲ’ ಎನ್ನುವವರನ್ನು ಅಷ್ಟು ಸುಲಭಕ್ಕೆ ನಂಬಬೇಡಿ.

8. ಬೆಂಕಿ

2023ರ ಜನವರಿ 1ರ ಬೆಳಗಿನ ಜಾವ ದೆಹಲಿಯ ಗ್ರೇಟರ್ ಕೈಲಾಶ್‌ನ ಹಿರಿಯರ ಆರೈಕೆ ಮನೆಯೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ತೀರಿಕೊಂಡರು. ಅಂಥ ಹೊತ್ತಿನಲ್ಲೇ ಸಿಬ್ಬಂದಿ ಎಲ್ಲಕ್ಕಿಂತ ಕಡಿಮೆ ಇರುವುದು. ತಾವಾಗಿ ನಡೆಯಲಾರದವರನ್ನು ಮೇಲಿನ ಮಹಡಿಗಳಲ್ಲಿ ಇಡುವುದೇ ಮೊದಲ ತಪ್ಪು. ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ. ಅವರಿಗೆ ನೆಲಮಹಡಿ ಕೇಳಿ.

ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಸರ್ವಿಸ್ ಚೀಟಿಯ ತಾರೀಖು ಒಂದು ವರ್ಷದೊಳಗಿದೆಯೇ ನೋಡಿ. ಎರಡನೇ ಮೆಟ್ಟಿಲ ದಾರಿಯ ಬಾಗಿಲಿಗೆ ಬೀಗ ಹಾಕಿ ಅಲ್ಲಿ ಹಳೆ ಹಾಸಿಗೆ ಪೇರಿಸಿದ್ದರೆ ಅದು ದಾರಿಯಲ್ಲ, ಉರುವಲು. ಆಕ್ಸಿಜನ್ ಇಟ್ಟ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಸೊಳ್ಳೆಬತ್ತಿ ಯಾವುದೂ ಸಲ್ಲದು. ಪೂಜೆಯನ್ನು ನಿಲ್ಲಿಸಲು ಯಾರಿಗೂ ಬಾಯಿ ಬರುವುದಿಲ್ಲ, ಆದ್ದರಿಂದ ದೇವರ ಪಟಕ್ಕೆ ವಿದ್ಯುತ್ ದೀಪ ಹಾಕಿದ್ದಾರೆಯೇ ನೋಡಿ. ರಾತ್ರಿ ಪಾಳಿಯವರನ್ನೇ ಕೇಳಿ: ಈಗ ಹೊಗೆ ಬಂದರೆ ಮೊದಲು ಯಾರನ್ನು ಎತ್ತುತ್ತೀರಿ, ಹೇಗೆ? ಬೆಡ್‌ಶೀಟ್ ಸಮೇತ ನೆಲದ ಮೇಲೆ ಎಳೆದುಕೊಂಡು ಹೋಗುತ್ತೇವೆ ಎಂದರೆ ಯಾರೋ ಕಲಿಸಿದ್ದಾರೆ ಎಂದರ್ಥ.

9. ಮರೆವಿನವರಿದ್ದರೆ

ಡಿಮೆನ್ಷಿಯಾ ಇರುವವರು ಅಲೆಯುತ್ತಾರೆ. ಅಲೆಯಲು ಗೋಡೆಯೊಳಗೆ ಸುತ್ತು ಹಾಕುವ ಜಾಗ ಬೇಕು, ಗೇಟಿನಲ್ಲಿ ಕಾವಲು ಬೇಕು. ಕೋಣೆಗೆ ಹೊರಗಿನಿಂದ ಚಿಲಕ, ಕುರ್ಚಿಗೆ ಸೀರೆಯಿಂದ ಕಟ್ಟುವುದು ಆರೈಕೆಯಲ್ಲ. ಕಟ್ಟಿದವರು ಬಿಡಿಸಿಕೊಳ್ಳಲು ಹೋಗಿ ಕುರ್ಚಿ ಸಮೇತ ಬೀಳುತ್ತಾರೆ. ಮಣಿಕಟ್ಟಿನ ಮೇಲೆ ಬಳೆಯ ಗುರುತಲ್ಲದ ಉಂಗುರದಂಥ ಕಲೆ ಕಂಡರೆ ಬಿಡದೆ ಕೇಳಿ. ಸಿಸಿಟಿವಿ ಮೊಗಸಾಲೆಯಲ್ಲಿರಲಿ, ಬಟ್ಟೆ ಬದಲಿಸುವ ಜಾಗದಲ್ಲಿ ಬೇಡ.

10. ಕರಾರಿಗೆ ಸಹಿ ಹಾಕುವ ಮೊದಲು

ತಿಂಗಳ ಹಣದಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂದು ಸಾಲು ಸಾಲಾಗಿ ಬರೆಸಿ. ಡೈಪರ್, ಫಿಸಿಯೋಥೆರಪಿ, ಆಂಬುಲೆನ್ಸ್, ಆಸ್ಪತ್ರೆಯಲ್ಲಿ ಜೊತೆಗಿರುವವರ ಖರ್ಚು ನಂತರ ಸೇರಿ ಬಿಲ್ಲು ಉಬ್ಬುವುದು ಇಲ್ಲೇ. ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸು, ಎಷ್ಟು ಕಡಿತ? ಆಸ್ಪತ್ರೆಯಲ್ಲಿರುವ ದಿನಗಳಿಗೂ ಪೂರ್ತಿ ಬಾಡಿಗೆಯೇ? ಹೊರಗೆ ಕಳುಹಿಸುವುದಾದರೆ ಎಷ್ಟು ದಿನದ ನೋಟಿಸು? ಅರ್ಧ ರಾತ್ರಿ ಯಾವ ಆಸ್ಪತ್ರೆಗೆ, ಯಾರ ಒಪ್ಪಿಗೆಯ ಮೇಲೆ? ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ ಒಂದು ಗಂಟೆಯೊಳಗೆ ಬರಬಲ್ಲ ಸ್ಥಳೀಯರೊಬ್ಬರ ಹೆಸರು ಇರಲೇಬೇಕು. ಫೋನು ಎತ್ತುವವರಿದ್ದರೆ ಸಾಲದು, ಸಹಿ ಹಾಕಬಲ್ಲವರು ಬೇಕು.

ಕೊನೆಗಾಲದಲ್ಲಿ ವೆಂಟಿಲೇಟರ್ ಬೇಡ ಎಂದು ಹಿರಿಯರು ಮುಂಚಿತವಾಗಿಯೇ ಬರೆದಿಡಬಹುದು. ಇದಕ್ಕೆ ಅವಕಾಶ ಕೊಟ್ಟ ತನ್ನ 2018ರ ತೀರ್ಪನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಸರಳಗೊಳಿಸಿದ ಮೇಲೆ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಅದರ ಒಂದು ಪ್ರತಿ ಆಶ್ರಮದ ಕಡತದಲ್ಲಿರಲಿ.

ಎಟಿಎಂ ಕಾರ್ಡ್, ಪಿನ್, ಪಾಸ್‌ಬುಕ್, ಆಸ್ತಿ ಪತ್ರ ಆಶ್ರಮದವರ ಕೈಗೆ ಬೇಡ. ‘ಆಸ್ತಿ ಬರೆದುಕೊಟ್ಟರೆ ಜೀವನಪೂರ್ತಿ ನೋಡಿಕೊಳ್ಳುತ್ತೇವೆ’ ಎನ್ನುವ ಕಡೆ ಚಪ್ಪಲಿ ಹಾಕಿಕೊಂಡು ಹೊರಡಿ. ಪಿಂಚಣಿದಾರರಿಗೆ ನವೆಂಬರಿನ ಜೀವನ ಪ್ರಮಾಣಪತ್ರ ಮಾಡಿಸಲು ಯಾರು ನೆರವಾಗುತ್ತಾರೆ ಎಂಬುದನ್ನೂ ಈಗಲೇ ಕೇಳಿಡಿ. ಸವೆದ ಬೆರಳಚ್ಚನ್ನು ಯಂತ್ರ ಓದುವುದಿಲ್ಲ, ಮೊಬೈಲಿನಲ್ಲಿ ಮುಖ ಗುರುತಿಸಿ ಮಾಡುವ ವ್ಯವಸ್ಥೆ ಇದೆ.

11. ಸೇರಿಸಿದ ಮೇಲೆ

ಮೊದಲ ತಿಂಗಳು ಬೇರೆ ಬೇರೆ ಹೊತ್ತಿಗೆ ಹೋಗಿ. ಭಾನುವಾರ ಸಂಜೆ ಒಮ್ಮೆಯಾದರೂ, ಏಕೆಂದರೆ ಅಂದು ಸಿಬ್ಬಂದಿ ಕಡಿಮೆ. ವಿಡಿಯೋ ಕರೆಯನ್ನು ನಿಗದಿತ ಹೊತ್ತಿಗೇ ಮಾಡಿದರೆ ತಲೆ ಬಾಚಿ ಕೂರಿಸಿರುತ್ತಾರೆ. ಹೋದಾಗ ಉಗುರು, ಬಾಯಿ, ಹಲ್ಲಿನ ಸೆಟ್, ಹಿಮ್ಮಡಿ ನೋಡಿ. ಕನ್ನಡಕ ಅವರದೇನಾ, ಶ್ರವಣಯಂತ್ರದ ಬ್ಯಾಟರಿ ಇದೆಯೇ? ಕಿವಿ ಕೇಳದೆ ಸುಮ್ಮನೆ ಕೂತವರನ್ನು ‘ಮಂಕಾಗಿದ್ದಾರೆ’ ಎಂದು ಬರೆದುಬಿಡುತ್ತಾರೆ. ಇದ್ದಕ್ಕಿದ್ದಂತೆ ಗೊಂದಲ ಶುರುವಾದರೆ ವಯಸ್ಸಿನ ಮೇಲೆ ಹಾಕದೆ ಮೂತ್ರ, ಸೋಡಿಯಂ, ಸಕ್ಕರೆ ಪರೀಕ್ಷೆ ಮಾಡಿಸಿ. ಬಿದ್ದರೆಂದು ಫೋನ್ ಬಂದಾಗ ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಕಂಡರು, ತಲೆಗೆ ಪೆಟ್ಟಾಯಿತೇ, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿ. ಕೊನೆಯ ಎರಡಕ್ಕೂ ಹೌದು ಎಂದಾದರೆ ನೋವಿಲ್ಲ ಎಂದರೂ ಸ್ಕ್ಯಾನ್ ಮಾಡಿಸಿ.

ದೂರು ಇದ್ದರೆ ಮೊದಲು ಬರವಣಿಗೆಯಲ್ಲಿ, ತಾರೀಖು ಮತ್ತು ಫೋಟೊ ಸಮೇತ ವ್ಯವಸ್ಥಾಪಕರಿಗೆ ಕೊಡಿ. ವಾಟ್ಸಾಪ್ ಆದರೂ ಸರಿ, ದಾಖಲೆ ಉಳಿಯಬೇಕು. ಸರಿಹೋಗದಿದ್ದರೆ ಹಿರಿಯರ ಸಹಾಯವಾಣಿ 14567, ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ. ಹೊಡೆತ, ಕೂಡಿಹಾಕುವುದು, ಕಳವು ಇದ್ದರೆ ನೇರ 112. ಡಿಪಾಸಿಟ್ ಕೊಡದಿರುವುದು, ಹೇಳಿದ ಸೇವೆ ಕೊಡದಿರುವುದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ವಿಷಯ. ರಸೀದಿ, ಕರಾರು ಎರಡೂ ನಿಮ್ಮ ಬಳಿ ಇರಬೇಕು.

ಮನೆ ಬದಲಿಸಲೇಬೇಕಾಗಿ ಬಂದರೆ ಔಷಧಿ ಚಾರ್ಟಿನ ಪ್ರತಿ, ತೂಕದ ದಾಖಲೆ, ಕೊನೆಯ ರಕ್ತಪರೀಕ್ಷೆ ಕೇಳಿ ಪಡೆಯಿರಿ. ಹೊರಡುವ ದಿನ ಬೆನ್ನು, ಹಿಮ್ಮಡಿಯ ಫೋಟೊ ತೆಗೆದಿಟ್ಟರೆ ಹುಣ್ಣು ಎಲ್ಲಿ ಆಯಿತು ಎಂಬ ಜಗಳ ಇರುವುದಿಲ್ಲ. ಹೊಸ ಕಡೆಗೆ ಬೆಳಿಗ್ಗೆ ಹತ್ತರೊಳಗೆ, ವಾರದ ದಿನವೇ ಕರೆದೊಯ್ಯಿರಿ. ಸಂಜೆ ಹೋದರೆ ರಾತ್ರಿ ಪಾಳಿಯವರಿಗೆ ಹಿರಿಯರ ಹೆಸರೂ ಗೊತ್ತಿರುವುದಿಲ್ಲ, ಬಚ್ಚಲು ಯಾವ ಕಡೆ ಎಂದು ಹಿರಿಯರಿಗೂ ಗೊತ್ತಿರುವುದಿಲ್ಲ.